‘ಹಿಮ್ಮಡಿ ಊರು’ ಅನ್ನೋ ಮುಂಚೆ...

“ಹಿಮ್ಮಡಿ ಊರೋ! ಎಷ್ಟು ಸಲ ಹೇಳಬೇಕು ನಿಂಗೆ?”

ನಮ್ಮ ಮನೆಯಲ್ಲಿ ಈ ಮಾತು ದಿನಕ್ಕೆ ನೂರು ಸಲವಾದರೂ ಕೇಳಿಸುತ್ತಿತ್ತು. ಹೇಳುತ್ತಿದ್ದವಳು ನಾನೇ. ನನ್ನ ಮಗನಿಗೆ ಆಟಿಸಂ ಇದೆ. ನಡೆಯೋಕೆ ಕಲಿತಾಗಿನಿಂದ ಅವನದು ತುದಿಗಾಲ ನಡಿಗೆ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಬಾಲ್ಕನಿಗೆ, ಯಾರೋ ಮಲಗಿದ್ದಾರೆ ಅನ್ನೋ ಹಾಗೆ ಓಡಾಡುತ್ತಿದ್ದ. ಮನೆಗೆ ಬಂದವರು ‘ಡ್ಯಾನ್ಸ್ ಕ್ಲಾಸಿಗೆ ಸೇರಿಸಿ’ ಅಂತ ನಗೋರು. ಒಂದು ಗೋಕುಲಾಷ್ಟಮಿಗೆ ಅವನ ಪಾದಕ್ಕೆ ಅಕ್ಕಿಹಿಟ್ಟು ಹಚ್ಚಿ ಬಾಗಿಲಿನಿಂದ ದೇವರಮನೆಯವರೆಗೆ ನಡೆಸಿದೆ. ನೆಲದ ಮೇಲೆ ಮೂಡಿದ್ದು ಬೆರಳು, ಪಾದದ ಮುಂಭಾಗ ಅಷ್ಟೇ. ಹಿಮ್ಮಡಿಯನ್ನು ನಾನೇ ಬೆರಳಲ್ಲಿ ತೀಡಿ ಕೃಷ್ಣನ ಹೆಜ್ಜೆ ಪೂರ್ತಿ ಮಾಡಿದೆ!

ಅವನಿಗೆ ಏಳು ತುಂಬಿದ ಮೇಲೆ ಹೊಸ ಹಠ ಶುರುವಾಯಿತು. ಪಾರ್ಕಿಗೆ ಹೊರಟರೆ ಅರ್ಧ ದಾರಿಯಲ್ಲಿ ಕೂತುಬಿಡೋನು. ಎತ್ತಿಕೋ ಅಂತ ಕೈ ಚಾಚೋನು. ಸ್ಕೂಲ್ ಶೂ ತಂದರೆ ಕಿರುಚಾಟ. ರಾತ್ರಿ ಎದ್ದು ಗೋಡೆಗೆ ಕಾಲು ಒದೆಯೋನು. ‘ಆಟಿಸಂ ಅಲ್ವಾ, ಅದಕ್ಕೇ’ ಅಂತ ನಾವು ಸುಮ್ಮನಾದೆವು. ತೋರಿಸಿದ ವೈದ್ಯರೊಬ್ಬರೂ ಅದನ್ನೇ ಅಂದರು. ಹೀಗೇ ಎಂಟು ತಿಂಗಳು ಹೋಯಿತು ಕಣ್ರೀ.

ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಅವನನ್ನು ಮಲಗಿಸಿ, ಮೊಣಕಾಲು ನೇರ ಇಟ್ಟು, ಪಾದವನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸಲು ನೋಡಿದರು. ಬಗ್ಗಲಿಲ್ಲ. ಬೆರಳ ಬುಡದಲ್ಲಿ ಒತ್ತಿದಾಗ ಅವನು ತನ್ನ ಕೈಯನ್ನೇ ಕಚ್ಚಿಕೊಂಡ. “ಇವನು ಹಿಮ್ಮಡಿ ಊರಲ್ಲ ಅಂತಲ್ಲ ಅಮ್ಮ, ಇವನಿಗೆ ಊರೋಕೇ ಆಗ್ತಿಲ್ಲ. ನೋವೂ ಇದೆ” ಅಂದರು. ಆಗದ ಕೆಲಸ ಮಾಡು ಅಂತ ನಾನು ದಿನಕ್ಕೆ ನೂರು ಸಲ ಗದರಿದ್ದೆ!

ನಡೆಯಲು ಕಲಿಯುವ ಪುಟಾಣಿಗಳು ತುದಿಗಾಲಲ್ಲಿ ನಡೆಯುವುದು ಹೊಸತೇನಲ್ಲ, ಹೆಚ್ಚಿನವರಿಗೆ ತಾನಾಗಿ ಬಿಟ್ಟುಹೋಗುತ್ತದೆ. ಎರಡು ವರ್ಷ ದಾಟಿದ ಮೇಲೂ ಮುಂದುವರಿದರೆ ಒಮ್ಮೆ ತೋರಿಸಬೇಕು. ಆಟಿಸಂ ಇರುವ ಮಕ್ಕಳಲ್ಲಿ ಇದು ಬಹಳ ಹೆಚ್ಚು. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ ಮಕ್ಕಳಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಮಂದಿಗೆ ಈ ನಡಿಗೆ ದಾಖಲಾಗಿತ್ತು, ಉಳಿದ ಮಕ್ಕಳಲ್ಲಿ ನೂರಕ್ಕೆ ಅರ್ಧ ಕೂಡ ಇರಲಿಲ್ಲ.

ನಡಿಗೆಯಿಂದ ನೋವು ಹೇಗೆ ಬರುತ್ತೆ ಅಂತೀರಾ? ಹಿಮ್ಮಡಿ ಸದಾ ಮೇಲೆಯೇ ಇದ್ದರೆ ಮೀನಖಂಡದ ಸ್ನಾಯು ಗಿಡ್ಡವಾಗಿಯೇ ಉಳಿಯುತ್ತದೆ. ಮೂಳೆ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಬಿಗಿದ ಸ್ನಾಯು ಹಿಮ್ಮಡಿಯನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ, ಪಾದದ ಕೀಲು ಪೆಡಸಾಗುತ್ತದೆ. ಇಡೀ ಮೈಭಾರ ಬೆರಳ ಬುಡದ ಅಂಗೈಯಗಲ ಜಾಗದ ಮೇಲೆ. ಅಲ್ಲಿ ಚರ್ಮ ದಪ್ಪಗಟ್ಟುತ್ತದೆ, ನೋಯುತ್ತದೆ. ಮೀನಖಂಡ ಸೆಡೆತುಕೊಳ್ಳುತ್ತದೆ. ಎಂಟು ವರ್ಷದ ಆಚೀಚೆ ಮಕ್ಕಳು ಬೇಗ ಬೇಗ ಎತ್ತರವಾಗುವಾಗ ಹಿಮ್ಮಡಿಯ ಮೂಳೆಯ ಬೆಳೆಯುವ ಭಾಗಕ್ಕೂ ಜಗ್ಗಾಟ ಬಿದ್ದು ನೋವು ಬರಬಹುದು. ಬೇರೆ ಮಗುವಾದರೆ ‘ಅಮ್ಮಾ ಕಾಲು ನೋವು’ ಅನ್ನುತ್ತೆ. ನನ್ನ ಮಗನಿಗೆ ಮಾತು ಕಡಿಮೆ. ಮಾತಿದ್ದವರಿಗೂ ‘ಎಲ್ಲಿ, ಹೇಗೆ’ ಅಂತ ಹೇಳುವುದು ಕಷ್ಟ. ಕೆಲವರಿಗಂತೂ ನೋವು ಅನುಭವಕ್ಕೆ ಬರುವ ರೀತಿಯೇ ಬೇರೆ.

ಅದಕ್ಕೇ ನಾನು ಹೇಳೋದು, ‘ಆಟಿಸಂ ಅಲ್ವಾ’ ಅನ್ನೋದು ಉತ್ತರವೇ ಅಲ್ಲ. ನಿನ್ನೆವರೆಗೆ ಇಲ್ಲದ ಹಠ ಇವತ್ತು ಬಂದಿದೆ ಅಂದರೆ ಮೊದಲು ಮೈ ನೋಡಿ, ಆಮೇಲೆ ಸ್ವಭಾವ. ಸ್ನಾನ ಮಾಡಿಸುವಾಗ ಪಾದ ಒತ್ತಿ ನೋಡಿ, ಕಣ್ಣು ಮಗುವಿನ ಮುಖದ ಮೇಲಿರಲಿ. ಹಳೇ ಶೂ ತಿರುಗಿಸಿ: ಮುಂದೆ ಪೂರ್ತಿ ಸವೆದು ಹಿಂದೆ ಹೊಸದರಂತಿದ್ದರೆ ಅದೂ ಒಂದು ಸಾಕ್ಷಿ. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಹಿಮ್ಮಡಿ ಊರಿ ಕೂರಲಾಗದೆ ಹಿಂದಕ್ಕೆ ವಾಲುತ್ತಾನಾ? ನಾನು ಅದನ್ನೂ ಮೊಂಡಾಟ ಅಂದುಕೊಂಡಿದ್ದೆ.

ಒಂದೇ ಕಾಲಲ್ಲಿ ತುದಿಗಾಲು, ಮೊದಲು ಸರಿಯಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಹೀಗಾಗೋದು, ನೆಲದಿಂದ ಏಳಲು ತೊಡೆ ಹಿಡಿದು ಮೇಲೇರೋದು, ಇವು ಕಂಡರೆ ತಡಮಾಡಬೇಡಿ. ಸ್ನಾಯು ಅಥವಾ ನರದ ಬೇರೆ ತೊಂದರೆ ಇರಬಹುದು.

ನಮ್ಮತ್ತೆ ಹರಳೆಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದರು. ಮಗುವಿಗೆ ಹಿತ, ಬೇಡ ಅನ್ನಲ್ಲ. ಗಿಡ್ಡವಾದ ಸ್ನಾಯು ಅದರಿಂದ ಉದ್ದವಾಗಲ್ಲ. ವೀಡಿಯೋ ನೋಡಿ ಕಾಲನ್ನು ಬಲವಂತವಾಗಿ ಜಗ್ಗಲೂ ಬೇಡಿ. ಸ್ನಾಯು ಹಿಗ್ಗಿಸುವ ವ್ಯಾಯಾಮ, ಪಾದ ನೇರ ಹಿಡಿಯುವ ಬ್ರೇಸು, ಆಗಾಗ ಬದಲಿಸುವ ಪ್ಲಾಸ್ಟರು ಇವೆ. ತೀರಾ ಬಿಗಿಯಾದರೆ ಆಪರೇಷನ್ನೂ ಇದೆ. ಯಾವುದು ಬೇಕು ಅಂತ ಫಿಸಿಯೋ, ಮೂಳೆ ವೈದ್ಯರು ಹೇಳಲಿ. ಖರ್ಚಿನ ಚಿಂತೆಯೇ? ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಡಿಇಐಸಿ ಕೇಂದ್ರ ಇದೆಯಾ ವಿಚಾರಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪಾದ ಸಲೀಸಾಗಿ ಬಗ್ಗುತ್ತಿದ್ದರೆ, ನೋವಿಲ್ಲದಿದ್ದರೆ, ಆಗಾಗ ತೋರಿಸುತ್ತಿರಿ; ಮಗುವನ್ನು ಅದರ ಪಾಡಿಗೆ ಬಿಡಿ. ಮದುವೆ ಮನೆಯಲ್ಲಿ ನಾಲ್ಕು ಜನ ನೋಡುತ್ತಾರೆ ಅಂತ ಹಿಮ್ಮಡಿ ಊರಿಸೋದು ನಮ್ಮ ಸಮಾಧಾನಕ್ಕೆ, ಅವರಿಗೇನೂ ಲಾಭವಿಲ್ಲ.

ನನ್ನ ಮಗ ಈಗ ರಾತ್ರಿ ಬ್ರೇಸು ಹಾಕಿಕೊಳ್ಳುತ್ತಾನೆ. ಮೊದಲ ಹದಿನೈದು ದಿನ ಮನೆಮಂದಿಗೆಲ್ಲ ಜಾಗರಣೆ. ವ್ಯಾಯಾಮಕ್ಕೆ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಗಡಿಯಾರ ಅವನ ಕೈಯಲ್ಲೇ. ಹೋದ ತಿಂಗಳು ಪಾರ್ಕಿನವರೆಗೂ ನಡೆದ, ವಾಪಸ್ಸೂ ನಡೆದೇ ಬಂದ. ಕುಕ್ಕರ್ ಕೂಗಿದಾಗ ಖುಷಿಗೆ ಈಗಲೂ ತುದಿಗಾಲಲ್ಲಿ ಕುಣಿಯುತ್ತಾನೆ. ನಾನು ಏನೂ ಅನ್ನಲ್ಲ, ಗ್ಯಾಸ್ ಸಣ್ಣ ಮಾಡುತ್ತೇನೆ ಅಷ್ಟೇ.