ಮನೆಯ ಕಾರಿಗೆ ಮನೆಯದೇ ಲೆಕ್ಕ

2025ರ ಅಕ್ಟೋಬರಿನಲ್ಲಿ ನನ್ನ ಕಿರಿಯ ತಂಗಿಯ ಮಗುವಿನ ಅಕೀಕಾ ಇತ್ತು. ರಾಣೆಬೆನ್ನೂರಿನ ನಮ್ಮ ತವರುಮನೆಯ ಮುಂದೆ ಅಂದು ಎರಡು ಕಾರುಗಳು ನಿಂತಿದ್ದವು. ಒಂದು ಹಾವೇರಿಯಿಂದ ನಾವು ತಂದಿದ್ದ 2004ರ ಮಾರುತಿ 800, ಪೆಟ್ರೋಲಿನದು. ಇನ್ನೊಂದು ಬ್ಯಾಡಗಿಯಿಂದ ಭಾಯಿಜಾನ್ ತಂದಿದ್ದ 2018ರ ಡಿಜೈರ್, ಡೀಸೆಲಿನದು. ಊಟವಾದ ಮೇಲೆ ಮಕ್ಕಳನ್ನು ಒಂದು ಸುತ್ತು ಹಾಕಿಸಿಕೊಂಡು ಬರೋಣವೆಂದದ್ದೇ ತಡ, ಎಲ್ಲರೂ ಡಿಜೈರ್‌ನತ್ತ ಓಡಿದರು. ನಮ್ಮ ಕಾರಿನ ಬಳಿ ಉಳಿದವನು ನನ್ನ ಹತ್ತು ವರ್ಷದ ಮಗನೊಬ್ಬನೇ.

"ಅಬ್ಬಾ, ನಾನು ಇದರಲ್ಲೇ ಕೂರುತ್ತೇನೆ" ಎಂದ.

ಅವನು ಅಪ್ಪನಿಗೆ ಬೇಸರವಾಗಬಾರದೆಂದು ಹಾಗೆಂದದ್ದು. ಆದರೆ ಆ ಮಾತೇ ನಮ್ಮವರ ಮನಸ್ಸಿಗೆ ನಾಟಿತು. ಹಾವೇರಿಗೆ ಮರಳುವಾಗ ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ಮೆಲ್ಲಗೆ, "ನಾವೂ ಅಂಥದೇ ಒಂದು ತೆಗೆದುಕೊಂಡುಬಿಡೋಣ. ಡೀಸೆಲ್ ಗಾಡಿ, ಖರ್ಚೂ ಕಡಿಮೆ" ಎಂದರು.

ಹುಬ್ಬಳ್ಳಿಯಲ್ಲಿ ಹಳೆಯ ಕಾರು ಮಾರುವವರೊಬ್ಬರನ್ನು ವಿಚಾರಿಸಿದ್ದೂ ಆಯಿತು. 2018ರದೇ ಒಂದು ಡೀಸೆಲ್ ಡಿಜೈರ್‌ಗೆ ನಾಲ್ಕು ಲಕ್ಷ ತೊಂಬತ್ತು ಸಾವಿರ ಹೇಳಿದರು. ನಮ್ಮ ಕಾರನ್ನು ನಲವತ್ತು ಸಾವಿರಕ್ಕೆ ಹಿಡಿದುಕೊಳ್ಳುತ್ತಾರಂತೆ. ಮೇಲಿನ ನಾಲ್ಕೂವರೆ ಲಕ್ಷ ನಾವು ಹೊಂದಿಸಬೇಕು. ಬಡ್ಡಿಯ ಸಾಲ ನಮಗೆ ಬೇಡ. ಕೈಯಲ್ಲಿದ್ದುದು ಮೂರು ಲಕ್ಷ. ಅದು ಪಿಯುಸಿ ಎರಡನೇ ವರ್ಷದಲ್ಲಿರುವ ಮಗಳ ಮುಂದಿನ ಓದಿಗೆಂದು ಕೂಡಿಟ್ಟದ್ದು. ಉಳಿದದ್ದು ಭಾಯಿಜಾನ್‌ರಿಂದ ಕೈಗಡ. "ಮಗಳ ಫೀಸಿನ ಹೊತ್ತಿಗೆ ಡೀಸೆಲಿನಲ್ಲಿ ಉಳಿದ ದುಡ್ಡೇ ಒದಗುತ್ತದೆ" ಎಂಬುದು ನಮ್ಮವರ ನಂಬಿಕೆ.

ನಾನು ಇಲ್ಲವೆನ್ನಲಿಲ್ಲ. ಕಿರಾಣಿ ಲೆಕ್ಕ ಬರೆಯುವ ಪುಸ್ತಕದ ಹಿಂಭಾಗದಲ್ಲಿ ನಾನು ಪೆಟ್ರೋಲಿನ ಲೆಕ್ಕವನ್ನೂ ಬರೆಯುತ್ತೇನೆ. ಅದನ್ನು ತೆಗೆದು ಕೂಡಿಸಿದೆ. ವರ್ಷಕ್ಕೆ ನಮ್ಮ ಕಾರು ಓಡಿದ್ದು 4,800 ಕಿಲೋಮೀಟರ್. ಅದರಲ್ಲಿ ಅರ್ಧ ಹಾವೇರಿ ಪೇಟೆಯೊಳಗಿನ ಓಡಾಟವೇ. ರಾಣೆಬೆನ್ನೂರಿಗೆ ಇಪ್ಪತ್ತು ಸಲ ಹೋಗಿ ಬಂದದ್ದು 1,200. ಅತ್ತೆಯವರ ಉಬ್ಬಸದ ಚಿಕಿತ್ಸೆಗೆ ಹುಬ್ಬಳ್ಳಿಗೆ ಆರು ಸಲ ಹೋಗಿ ಬಂದದ್ದು 900. ಮಿಕ್ಕಿದ್ದು ಮದುವೆ, ಮಯ್ಯತ್ತಿನ ದಾರಿ.

ನಮ್ಮ ಕಾರು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತದೆ. ಭಾಯಿಜಾನ್‌ರದು ಇಪ್ಪತ್ತು. ಕಂಪೆನಿ ಆ ಡೀಸೆಲ್ ಮಾದರಿಗೆ ಹೇಳಿದ್ದು 28.4. ಆದರೆ ಅದು ಪರೀಕ್ಷೆಯ ಮೈಲೇಜು, ಎತ್ತಿನಗಾಡಿ, ಟ್ರ್ಯಾಕ್ಟರುಗಳ ಹಿಂದೆ ತೆವಳುವ ನಮ್ಮ ರಸ್ತೆಯದಲ್ಲ. ಪೆಟ್ರೋಲಿಗೆ 103, ಡೀಸೆಲಿಗೆ 91 ರೂಪಾಯಿಯೆಂದು ಹಿಡಿದೆ. ವರ್ಷಕ್ಕೆ ಪೆಟ್ರೋಲಿನ ಖರ್ಚು 32,960 ರೂಪಾಯಿ, ಡೀಸೆಲಿನದು 21,840. ಉಳಿಯುವುದು 11,120 ರೂಪಾಯಿ. ನಾಲ್ಕೂವರೆ ಲಕ್ಷವನ್ನು ಅದರಿಂದ ಭಾಗಿಸಿ ನೋಡಿ. ಹಾಕಿದ ದುಡ್ಡು ಹುಟ್ಟಲು ನಲವತ್ತು ವರ್ಷ ಬೇಕು!

ಅದೇ ಲೆಕ್ಕ ಭಾಯಿಜಾನ್‌ರಿಗೆ ಬೇರೆ. ಅವರದು ಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಆ ಹೆಸರಿನ ಕಾಯಿ ಬೆಳೆಯುವುದು ಬ್ಯಾಡಗಿಯೊಂದರಲ್ಲೇ ಅಲ್ಲ. ಕುಂದಗೋಳ, ಗದಗ ಎಂದು ಅವರು ವಾರವೆಲ್ಲ ಸುತ್ತುತ್ತಾರೆ. ವರ್ಷಕ್ಕೆ 25,000 ಕಿಲೋಮೀಟರ್ ಓಡುವ ಅವರಿಗೆ ಡೀಸೆಲಿನಿಂದ ಉಳಿಯುವುದು ಐವತ್ತೆಂಟು ಸಾವಿರದಷ್ಟು. ಕಾರು ಅದೇ, ರಸ್ತೆ ಅದೇ. ಮನೆ ಬೇರೆಯಾದರೆ ಲೆಕ್ಕವೂ ಬೇರೆ.

ಆದರೆ ಕಾಗದದ ಲೆಕ್ಕವೊಂದನ್ನೇ ನಂಬಬಾರದಲ್ಲ! ಮುಂದಿನ ಸಲ ತವರಿಗೆ ಹೋದಾಗ ನಮ್ಮ ಓಣಿಯ ತುದಿಯಲ್ಲಿರುವ ಗ್ಯಾರೇಜಿನ ಕಾಕಾರನ್ನು ಕೇಳಿದೆ. ನಾನು ಲಂಗ ತೊಟ್ಟು ಶಾಲೆಗೆ ಹೋಗುವಾಗಿನಿಂದ ನನ್ನನ್ನು ಬಲ್ಲವರು.

"ನೋಡ ತಂಗೆವ್ವ" ಎಂದು ಕೈ ಒರೆಸಿಕೊಂಡು ಶುರು ಮಾಡಿದರು. "ಪೆಟ್ರೋಲ್ ಎಂಜಿನ್ನಿಗೆ ಪ್ಲಗ್ಗು ಕಿಡಿ ಹಚ್ಚತೈತಿ. ಡೀಸೆಲಿಗೆ ಕಿಡಿ ಬೇಕಾಗಿಲ್ಲ. ಗಾಳೀನ ಒತ್ತಿ ಒತ್ತಿ ಕಾಯಿಸಿ, ಅದರಾಗ ಡೀಸೆಲ್ ಚಿಮ್ಮಿಸಿದ್ರ ತಾನಾ ಹತ್ತಕೊಳ್ಳತೈತಿ. ಅಷ್ಟು ಒತ್ತಡ ತಡಕೊಳ್ಳಾಕ ಎಂಜಿನ್ ಗಟ್ಟಿ ಇರಬೇಕು. ಅದಕ್ಕ ತೂಕ ಜಾಸ್ತಿ, ರೇಟೂ ಜಾಸ್ತಿ, ಕೆಟ್ಟರ ರಿಪೇರಿನೂ ಜಾಸ್ತಿ."

ಎರಡೂ ಕಾರುಗಳ ಅಂತರ ಅಂಕಿಗಳಲ್ಲೇ ಕಾಣುತ್ತದೆ. ನಮ್ಮದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಎಳೆಯುವ ಬಲ 59 ನ್ಯೂಟನ್ ಮೀಟರ್. ಅವರದು 1,248 ಸಿಸಿ, ನಾಲ್ಕು ಸಿಲಿಂಡರ್, ಬಲ 190. ನಮ್ಮದರ ತೂಕ ಸುಮಾರು ಆರೂವರೆ ಕ್ವಿಂಟಲ್, ಅವರದು ಒಂಬತ್ತೂವರೆಗೂ ಹೆಚ್ಚು. ಐದು ಜನ ಕೂತು ಎಸಿ ಹಾಕಿ ಏರು ಹತ್ತಿದಾಗ ಈ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ.

"ಹಂಗಾರ ಡೀಸೆಲ್ ಚಲೋ ಅಲ್ಲೇನ್ರಿ ಕಾಕಾ?" ಎಂದೆ.

"ಓಡೋರಿಗೆ ಚಲೋ. ಮನಿಯಿಂದ ಸಂತಿಗೆ, ಸಂತಿಯಿಂದ ಮನಿಗೆ ಓಡಿಸಿದ್ರ ಎಂಜಿನ್ ಕಾಯೂದ ಇಲ್ಲ, ಒಳಗ ಮಸಿ ಕೂಡತೈತಿ. ಎತ್ತಿಗೆ ಹೊಲ ಬೇಕು ತಂಗೆವ್ವ, ಕೊಟ್ಟಿಗ್ಯಾಗ ಕಟ್ಟಿದ್ರ ಮೇವು ದಂಡ."

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಆ ಮಸಿ ಹಿಡಿಯಲು ಸೋಸಕವೇ ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ದೂರ ಓಡಿಸಿದರೆ ಮಾತ್ರ ಅದು ಸುಟ್ಟು ಶುಚಿಯಾಗುತ್ತದೆ. ಆ ನಿಯಮಕ್ಕೆ ತಕ್ಕಂತೆ ಸಣ್ಣ ಡೀಸೆಲ್ ಎಂಜಿನ್ ಮಾಡುವುದು ದುಬಾರಿಯೆಂದು ಮಾರುತಿ ಕಂಪೆನಿ ಅಂದಿನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು.

ಹಾಗಾದರೆ ಡೀಸೆಲ್ ಎಂದರೆ ಉಳಿತಾಯವೆಂಬ ಮಾತು ನಮ್ಮ ತಲೆಯಲ್ಲಿ ಕೂತದ್ದು ಹೇಗೆ? ಅದು ಒಂದು ಕಾಲಕ್ಕೆ ನಿಜವಾಗಿತ್ತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯನ್ನು ಸರಕಾರ ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಡೀಸೆಲಿನ ಬೆಲೆಯನ್ನು ಹಿಡಿದಿಟ್ಟಿತು. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲಿಗೆ 73 ರೂಪಾಯಿ, ಡೀಸೆಲಿಗೆ 41. ಲೀಟರಿಗೆ ಮೂವತ್ತೆರಡು ರೂಪಾಯಿ ಅಂತರ! ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. 2014ರ ಅಕ್ಟೋಬರಿನಲ್ಲಿ ಡೀಸೆಲೂ ಮಾರುಕಟ್ಟೆಯ ಪಾಲಾಯಿತು. 2025ರ ನಮ್ಮ ಲೆಕ್ಕದಲ್ಲಿ ಅಂತರ ಹನ್ನೆರಡು ರೂಪಾಯಿ ಇತ್ತು. ಅಂತರ ಹೋಯಿತು, ಗಾದೆ ಉಳಿಯಿತು.

ಇಷ್ಟೆಲ್ಲ ಹೇಳಿದೆನೆಂದು ಹಳೆಯ ಕಾರಿನ ಪರ ವಕಾಲತ್ತು ಮಾಡುತ್ತಿದ್ದೇನೆಂದು ತಿಳಿಯಬೇಡಿ. ಅದರ ಕುಂದೂ ನನಗೆ ಗೊತ್ತು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2024ರಲ್ಲಿ ಐದು ಸಾವಿರ ಶುಲ್ಕ ಕಟ್ಟಿದ್ದೇವೆ. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು ಹತ್ತು ಸಾವಿರ ಮಾಡಿದರು. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ ಇಪ್ಪತ್ತು ಎಥೆನಾಲ್ ಇರುತ್ತದೆ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತೆಂದು ಕೇಂದ್ರ ಸರಕಾರವೇ ಹೇಳಿದೆ. ಕಾಕಾ ನಮ್ಮ ಕಾರಿನ ಪೆಟ್ರೋಲ್ ಪೈಪುಗಳನ್ನು ಅಂದೇ ಬದಲಿಸಿದರು.

ಇವೆಲ್ಲಕ್ಕಿಂತ ದೊಡ್ಡದು ಜೀವದ ಮಾತು. ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಭಾಯಿಜಾನ್‌ರದರಲ್ಲಿ ಎರಡೂ ಇವೆ. ಮಳೆಗಾಲದ ಒಂದು ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿದಂತಾಗಿ ಹುಬ್ಬಳ್ಳಿಗೆ ಹೊರಟಿದ್ದೆವು. ಹೆದ್ದಾರಿಯಲ್ಲಿ ಲಾರಿಗಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ನಮ್ಮ ಪುಟ್ಟ ಕಾರು ಅಲುಗಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ಬೆನ್ನು ನೀವುತ್ತ ನಾನು ಕಂಡ ಭಯವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಲಿ? ನಮ್ಮವರು ಡಿಜೈರ್ ಬೇಕೆಂದದ್ದು ಬರೀ ಮಗನ ಮಾತಿಗಲ್ಲ, ಆ ರಾತ್ರಿಗೂ ಎಂದು ನನಗೆ ಆಮೇಲೆ ಅರ್ಥವಾಯಿತು.

ಆ ರಾತ್ರಿಯ ಮಾತನ್ನೂ ಎದುರಿಗಿಟ್ಟುಕೊಂಡು ಇಬ್ಬರೂ ಮತ್ತೆ ಕೂತೆವು. ಭಯವಿರುವುದು ವರ್ಷದ ಆ ಆರು ಪಯಣಗಳಲ್ಲಿ. ಹಾಗಿದ್ದರೆ ಹುಬ್ಬಳ್ಳಿಗೆ ಬಾಡಿಗೆ ಕಾರು ಮಾಡಿದರಾಯಿತು. ಏರ್‌ಬ್ಯಾಗ್ ಇರುವ ಕಾರನ್ನೇ ಕೇಳಿ ಗೊತ್ತುಮಾಡಬೇಕು. ಒಂದು ಸಲಕ್ಕೆ 2,800 ರೂಪಾಯಿಯಂತೆ ವರ್ಷಕ್ಕೆ 16,800. ನಮ್ಮ ಕಾರಿನ ಪೆಟ್ರೋಲು ಆರು ಸಾವಿರದಷ್ಟು ಉಳಿಯುತ್ತದೆ. ರಾತ್ರಿಯ ತುರ್ತಿಗೆ 108 ಆಂಬುಲೆನ್ಸ್ ಇದೆ. ರಾಣೆಬೆನ್ನೂರಿಗೆ ನಾನು ಮತ್ತು ಮಗಳಿಬ್ಬರೇ ಹೋಗುವುದಿದ್ದರೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ. ಹಳೆಯ ಕಾರು ಪೇಟೆಯ ಓಡಾಟಕ್ಕಿರಲಿ. ಅದಕ್ಕೆ ನಾಲ್ಕು ಹೊಸ ಟಯರು, ಹಿಂದಿನ ಸೀಟಿಗೆ ಗಟ್ಟಿಯಾದ ಬೆಲ್ಟು ಹಾಕಿಸಿದೆವು. ಮೂರು ಲಕ್ಷ ಮಗಳ ಹೆಸರಿನಲ್ಲೇ ಉಳಿಯಿತು.

ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜನ ಏನೆಂದುಕೊಳ್ಳುತ್ತಾರೋ" ಎಂದರು. ಮಗಳು ಪುಸ್ತಕದಿಂದ ತಲೆಯೆತ್ತದೆಯೇ, "ಅಬ್ಬಾ, ಜನ ನನ್ನ ಫೀಸು ಕಟ್ಟುತ್ತಾರಾ?" ಎಂದಳು. ನಮ್ಮವರು ಜೋರಾಗಿ ನಕ್ಕುಬಿಟ್ಟರು. ಎಷ್ಟೋ ದಿನಗಳ ಮೇಲೆ ಅವರು ಹಾಗೆ ನಕ್ಕದ್ದು.

ನಿಮ್ಮ ಮನೆಯಲ್ಲೂ ಈ ಮಾತು ಬಂದಿದ್ದರೆ ಮೊದಲು ಮೂರು ಸಂಗತಿ ಬರೆದುಕೊಳ್ಳಿ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ? ಓಡುವುದು ಪೇಟೆಯಲ್ಲೋ ಹೆದ್ದಾರಿಯಲ್ಲೋ? ಕೊಡುವ ದುಡ್ಡು ಯಾವುದಕ್ಕೆಂದು ಎತ್ತಿಟ್ಟದ್ದು? ಉತ್ತರ ಡೀಸೆಲ್ ಎಂದೇ ಬಂದರೆ ಸಂತೋಷದಿಂದ ತೆಗೆದುಕೊಳ್ಳಿ. ನಮ್ಮ ಭಾಯಿಜಾನ್‌ರಿಗೆ ಹಾಗೇ ಬಂದಿತ್ತು. ಆದರೆ ಲೆಕ್ಕ ನಿಮ್ಮ ಮನೆಯದಿರಲಿ, ಪಕ್ಕದ ಮನೆಯ ಅಂಗಳದಲ್ಲಿ ನಿಂತ ಕಾರಿನದಲ್ಲ.