ದುಡಿಸಿಕೊಂಡವನು ಯಾವ ಊರಿನ ಕೋರ್ಟಿಗೆ ಬರಬೇಕು?



ಯಾದಗಿರಿ ಕಡೆಯ ಒಂದು ಕೇರಿಯಿಂದ ಗುಳೆ ಹೋಗಿದ್ದ ಗಂಡ ಹೆಂಡತಿ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿ ಬರಿಗೈಲಿ ವಾಪಸು ಬಂದಿದ್ದಾರೆ. ನಾಲ್ಕು ತಿಂಗಳ ಕೂಲಿ ಬಾಕಿ. ಹೋಗುವಾಗ ಮುಂಗಡ ಎಣಿಸಿ ಕೊಟ್ಟಿದ್ದು ಅವರದೇ ಕೇರಿಯ ಬೇವಿನ ಕಟ್ಟೆಯ ಮೇಲೆ. ಕೊಟ್ಟವನು ಗುತ್ತಿಗೆದಾರ ಕಳಿಸಿದ ಮೇಸ್ತ್ರಿ. ಈಗ ಫೋನು ಮಾಡಿದರೆ ಅದೇ ಮೇಸ್ತ್ರಿ ಹೇಳ್ತಾನೆ: "ಕೇಸ್ ಹಾಕ್ತೀರೇನು? ಹಾಕ್ರಿ. ಪುಣೆಕ್ಕ ಬಂದು ಹಾಕ್ರಿ. ನಿಮ್ಮ ತಾಲೂಕಿನ ಕೋರ್ಟು ಸಾಹುಕಾರಂದು ಏನ್ ಕಿತ್ಕೋತೈತಿ?"

ಕಾನೂನಿನ ಮಾತಿನಂತೆ ಕೇಳಿಸುವುದರಿಂದ ನಮ್ಮ ಜನ ಇದಕ್ಕೆ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾವು ಮೂವರು ವಕೀಲರನ್ನು ಕೇಳಿದೆವು. ಒಬ್ಬರು ಹಾಕಬಹುದು ಎಂದರು, ಒಬ್ಬರು ಆಗುವುದಿಲ್ಲ ಎಂದರು, ಮೂರನೆಯವರು ಮೊದಲು ಫೀಜು ಎಂದರು. ಹಾಗಾಗಿ ನಾವೇ ಕೂತು ಓದಬೇಕಾಯಿತು. ಓದುತ್ತಾ ಹೋದರೆ ಈ ಜಗಳ ಅಮೆರಿಕದಲ್ಲಿ ನೂರೈವತ್ತು ವರ್ಷದಿಂದ ನಡೆದಿರುವುದು ಗೊತ್ತಾಯಿತು. ಅಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಕೋರ್ಟು, ಅದರದೇ ಕಾನೂನು. ಬೇರೆ ರಾಜ್ಯದಲ್ಲಿ ಕೂತ ಪ್ರತಿವಾದಿಯ ಮೇಲೆ ಈ ರಾಜ್ಯದ ಕೋರ್ಟಿಗೆ ಅಧಿಕಾರ ಉಂಟೋ ಇಲ್ಲವೋ ಎಂಬುದು ಅಲ್ಲಿ ದಿನನಿತ್ಯದ ತಗಾದೆ.

ಮೊದಲು ಒಂದು ಜಮೀನಿನ ಕೇಸು. ಆರೆಗಾನ್ ರಾಜ್ಯದಲ್ಲಿ ಜಮೀನಿದ್ದ ನೆಫ್ ಎಂಬವನು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ. ಅವನ ವಕೀಲನೇ 300 ಡಾಲರಿಗೂ ಕಡಿಮೆ ಫೀಜು ಬಾಕಿಗೆ ಆರೆಗಾನ್‌ನಲ್ಲಿ ದಾವೆ ಹಾಕಿದ. ಸಮನ್ಸು ಎಂದರೆ ಒಂದು ಪತ್ರಿಕೆಯಲ್ಲಿ ಪ್ರಕಟಣೆ, ಅಷ್ಟೇ. ಎಕ್ಸ್‌ಪಾರ್ಟಿ ಡಿಕ್ರಿ ಆಯಿತು, ಜಮೀನು ಹರಾಜಾಯಿತು. ಗುಡಿಸಲ ಬಾಗಿಲಿಗೆ ನೋಟೀಸು ಅಂಟಿಸಿ ಜಮೀನು ನುಂಗಿದ್ದನ್ನು ಕಂಡ ನಮಗೆ ಇದು ಹೊಸ ಕಥೆಯೇನಲ್ಲ. 1878ರಲ್ಲಿ ಸುಪ್ರೀಂ ಕೋರ್ಟು ಆ ಹರಾಜು ಊರ್ಜಿತವಲ್ಲ ಎಂದಿತು. ಮನುಷ್ಯ ರಾಜ್ಯದೊಳಗೆ ಕೈಗೆ ಸಿಗಬೇಕು, ಇಲ್ಲವೇ ಅವನ ಆಸ್ತಿಯನ್ನು ಮೊದಲೇ ಜಪ್ತಿ ಮಾಡಿರಬೇಕು. ಇಲ್ಲದಿದ್ದರೆ ಕೋರ್ಟಿಗೆ ಅಧಿಕಾರವಿಲ್ಲ ಎಂದು ನಿಯಮ ಮಾಡಿತು. ಅವತ್ತು ಈ ನಿಯಮ ಊರಲ್ಲಿಲ್ಲದವನ ಜಮೀನು ಉಳಿಸಿತು. ಆಮೇಲೆ ಇದೇ ನಿಯಮ ದೊಡ್ಡ ಕಂಪನಿಗಳಿಗೆ ಕೊಡೆಯಾಯಿತು. ಕಂಪನಿಗೆ ಕಾಲಿಲ್ಲ, ಮೈಯಿಲ್ಲ. ಅದು ಯಾವ ರಾಜ್ಯದಲ್ಲಿ ಕೈಗೆ ಸಿಗುತ್ತದೆ?

ಆ ಕೊಡೆ ಹರಿದದ್ದು ಒಂದು ಜೋಡು ಮಾರುವ ಕಂಪನಿಯ ಕೇಸಿನಲ್ಲಿ. ತೊಗಲು ಹದ ಮಾಡಿ ಮೆಟ್ಟು ಹೊಲಿದವರ ಮಕ್ಕಳು ನಾವು, ಈ ಕಥೆಯನ್ನು ಬಿಡಿಸಿ ಹೇಳದೆ ಇರಲಾಗದು. ಇಂಟರ್‌ನ್ಯಾಷನಲ್ ಶೂ ಕಂಪನಿಯ ಮುಖ್ಯ ಕಚೇರಿ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಪಟ್ಟಣದಲ್ಲಿತ್ತು. ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಅದಕ್ಕೆ ಒಂದು ಕಚೇರಿಯೂ ಇರಲಿಲ್ಲ. ಆದರೆ 1937ರಿಂದ 1940ರವರೆಗೆ ಅಲ್ಲಿ ಅದರ 11ರಿಂದ 13 ಮಂದಿ ಮಾರಾಟಗಾರರು ಓಡಾಡುತ್ತಿದ್ದರು. ಕಂಪನಿ ಅವರ ಕೈಗೆ ಕೊಡುತ್ತಿದ್ದ ಮಾದರಿ ಎಂದರೆ ಜೊತೆಯಲ್ಲಿ ಒಂದೇ ಕಾಲಿನ ಜೋಡು. (ಎರಡೂ ಕೊಟ್ಟರೆ ಹಾಕಿಕೊಂಡು ಹೋದಾನು ಎಂಬ ಭಯವೋ ಏನೋ!) ಹೋಟೆಲಿನಲ್ಲಿ ಬಾಡಿಗೆ ರೂಮು ಹಿಡಿದು ಆ ಒಂಟಿ ಜೋಡು ತೋರಿಸಬೇಕು. ಬೆಲೆ ಗೊತ್ತು ಮಾಡುವ ಅಧಿಕಾರ ಅವರಿಗಿಲ್ಲ. ಆರ್ಡರು ಸೇಂಟ್ ಲೂಯಿಸಿಗೆ ಹೋಗಬೇಕು, ಒಪ್ಪಿಗೆ ಅಲ್ಲಿಂದಲೇ ಬರಬೇಕು, ಮಾಲೂ ರಾಜ್ಯದ ಹೊರಗಿಂದಲೇ ಬರಬೇಕು. ಎಲ್ಲವನ್ನೂ ಹೀಗೆ ಏರ್ಪಾಡು ಮಾಡಿಕೊಂಡು ಕಂಪನಿ ಹೇಳಿತು: ನಾವು ವಾಷಿಂಗ್ಟನ್ನಿನಲ್ಲಿ ಇಲ್ಲವೇ ಇಲ್ಲ!

ತಗಾದೆ ಬಂದದ್ದು ನಿರುದ್ಯೋಗ ನಿಧಿಯ ವಂತಿಗೆಗೆ. ಕೆಲಸ ಕಳೆದುಕೊಂಡವರ ಹೊಟ್ಟೆಗೆಂದು ಮಾಲೀಕರು ಕಟ್ಟಬೇಕಾದ ಹಣ ಅದು. ಕಂಪನಿ ಕಟ್ಟಲಿಲ್ಲ. ರಾಜ್ಯದವರು ಒಬ್ಬ ಮಾರಾಟಗಾರನ ಕೈಗೆ ನೋಟೀಸು ಕೊಟ್ಟರು, ಇನ್ನೊಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಸೇಂಟ್ ಲೂಯಿಸಿಗೆ ಕಳಿಸಿದರು. 1945ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಸ್ಟೋನ್ ಬರೆದ ತೀರ್ಪನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು. ನೀನು ಎಲ್ಲಿ ಕೂತಿದ್ದೀ ಎಂಬುದೊಂದನ್ನೇ ನೋಡಲಾಗದು. ಈ ರಾಜ್ಯದ ಜೊತೆ ನಿನಗೆ ಬಿಡದ ವ್ಯವಹಾರವಿದೆ, ಇಲ್ಲಿನ ಕಾನೂನಿನ ನೆರಳಲ್ಲಿ ಲಾಭ ಮಾಡಿದ್ದೀ, ತಗಾದೆ ಹುಟ್ಟಿದ್ದೂ ಆ ವ್ಯವಹಾರದಿಂದಲೇ. ಆದ್ದರಿಂದ ಇಲ್ಲಿಗೇ ಬಂದು ಉತ್ತರ ಹೇಳುವುದು ನ್ಯಾಯ. ಆ ಮಾರಾಟಗಾರರ ಕಮಿಷನ್ನೇ ವರ್ಷಕ್ಕೆ 31,000 ಡಾಲರಿಗೆ ಮೀರಿತ್ತು. ಇಷ್ಟು ದುಡಿಸಿಕೊಂಡು ನಾನಿಲ್ಲಿಲ್ಲ ಅಂದರೆ ಹೇಗೆ?

ಹಾಗೆಂದು ಅಲ್ಲಿನ ಕೋರ್ಟುಗಳಿಗೆ ನಾವು ಹಾರ ಹಾಕುತ್ತಿಲ್ಲ. ನ್ಯೂಜೆರ್ಸಿಯ ಗುಜರಿ ಅಂಗಡಿಯೊಂದರಲ್ಲಿ 2001ರಲ್ಲಿ ಲೋಹ ಕತ್ತರಿಸುವ ಯಂತ್ರಕ್ಕೆ ಸಿಕ್ಕು ಒಬ್ಬ ಕೆಲಸಗಾರನ ಬಲಗೈಯ ನಾಲ್ಕು ಬೆರಳು ಹೋದವು. ಯಂತ್ರ ಮಾಡಿದ್ದು ಇಂಗ್ಲೆಂಡಿನ ಕಂಪನಿ. ಮಾರಿಸಿದ್ದು ಒಹಾಯೊ ರಾಜ್ಯದ ಏಜೆಂಟನ ಮೂಲಕ. 2011ರಲ್ಲಿ ಸುಪ್ರೀಂ ಕೋರ್ಟಿನ ಆರು ಮಂದಿ, ಆ ಕಂಪನಿಯ ಮೇಲೆ ನ್ಯೂಜೆರ್ಸಿ ಕೋರ್ಟಿಗೆ ಅಧಿಕಾರವಿಲ್ಲ ಎಂದರು. ಒಪ್ಪದವರು ಮೂವರು, ಮೂವರೂ ಹೆಂಗಸರು. ಬೆರಳು ಬಿದ್ದ ಜಾಗ ನ್ಯೂಜೆರ್ಸಿ, ಲಾಭ ಹೋದ ಜಾಗ ಇಂಗ್ಲೆಂಡು, ನ್ಯಾಯದ ಜಾಗ ಯಾವುದು? ಮತ್ತೆ 2021ರಲ್ಲಿ ಫೋರ್ಡ್ ಕಾರು ಕಂಪನಿಯ ಕೇಸಿನಲ್ಲಿ, ಅಪಘಾತವಾದ ರಾಜ್ಯದಲ್ಲಿ ನೀನು ಅಂಥದೇ ಕಾರನ್ನು ಮಾರುತ್ತಿದ್ದರೆ ಅಲ್ಲೇ ಉತ್ತರ ಹೇಳು ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಹಗ್ಗ ಹೀಗೆ ಆ ಕಡೆ ಈ ಕಡೆ ಎಳೆದಾಡುತ್ತಲೇ ಇದೆ.

ಇನ್ನೊಂದನ್ನೂ ಮರೆಯಬಾರದು. ಕೋರ್ಟಿನ ಉದ್ದ ಕೈ ಯಾವಾಗಲೂ ಬಡವರ ಪರ ಚಾಚುವುದಿಲ್ಲ. 1960ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟಕ್ಕೆ ನೆರವು ಕೇಳುವ ಜಾಹೀರಾತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಆ ಸಂಚಿಕೆ ಅಲಬಾಮಾ ರಾಜ್ಯದಲ್ಲಿ ಹೋಗಿದ್ದು ಸುಮಾರು 394 ಪ್ರತಿ. ಆದರೂ ಅಲಬಾಮಾದ ಕೋರ್ಟು ನ್ಯೂಯಾರ್ಕಿನ ಪತ್ರಿಕೆಯನ್ನು ತನ್ನ ಕಟಕಟೆಗೆ ಎಳೆದು, ಮಾನನಷ್ಟಕ್ಕೆ 5 ಲಕ್ಷ ಡಾಲರು ಹಾಕಿತು. ಅದೇ ಊರುಗಳ ನಾಲ್ವರು ಕರಿಯ ಪಾದ್ರಿಗಳನ್ನೂ ಪ್ರತಿವಾದಿಗಳಾಗಿ ಸೇರಿಸಿದ್ದರು. ಸ್ಥಳೀಯರನ್ನು ಸೇರಿಸಿದ್ದರಿಂದ ಕೇಸು ಕೇಂದ್ರದ ಕೋರ್ಟಿಗೆ ಜಾರದೆ ಅಲ್ಲಿನ ಬಿಳಿಯರ ಕೈಯಲ್ಲೇ ಉಳಿಯಿತು. 1964ರಲ್ಲಿ ಸುಪ್ರೀಂ ಕೋರ್ಟು ಪತ್ರಿಕಾ ಸ್ವಾತಂತ್ರ್ಯದ ಮೇಲೆ ಆ ತೀರ್ಪನ್ನು ರದ್ದು ಮಾಡಿತು. ಚಳವಳಿಯನ್ನು ತುಳಿಯುವ ಕೆಲಸ ಬಂದಾಗ 394 ಪ್ರತಿ ಸಾಕಾಯಿತು. ನಮ್ಮ ಈ ಹಾಳೆಗಳೂ ಗಡಿಯಾಚೆಯ ಸಭೆಗಳಿಗೆ ಹೋಗುತ್ತವೆ, ಎಚ್ಚರವಿರಲಿ.

ಈಗ ಬೇವಿನ ಕಟ್ಟೆಗೆ ಬರೋಣ. ನಮ್ಮ ದೇಶದಲ್ಲಿ ಈ ಕೆಲಸ ಅಮೆರಿಕದಷ್ಟು ಕಷ್ಟವಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನ ಪ್ರಕಾರ ಪ್ರತಿವಾದಿ ವಾಸಿಸುವ ಇಲ್ಲವೇ ವ್ಯಾಪಾರ ನಡೆಸುವ ಜಾಗದಲ್ಲಿ ದಾವೆ ಹಾಕಬಹುದು. ದಾವೆಯ ಕಾರಣ ಪೂರ್ತಿಯಾಗಿಯೋ ಒಂದು ಭಾಗವೋ ಹುಟ್ಟಿದ ಜಾಗದಲ್ಲೂ ಹಾಕಬಹುದು. ಕರಾರು ಆದ ಜಾಗವೂ ಕಾರಣದ ಒಂದು ಭಾಗ ಎಂದು ನಮ್ಮ ಸುಪ್ರೀಂ ಕೋರ್ಟು 1989ರಲ್ಲಿ ಹೇಳಿದೆ. ಮಾತುಕತೆ ಆಗಿದ್ದು, ಒಪ್ಪಿದ್ದು, ಮುಂಗಡ ಎಣಿಸಿದ್ದು ನಮ್ಮ ಕೇರಿಯಲ್ಲಿ. ಅಂದ ಮೇಲೆ ನಮ್ಮ ತಾಲ್ಲೂಕಿನ ಕೋರ್ಟಿನ ಸಮನ್ಸು ಪುಣೆಗೆ ಹೋಗುತ್ತದೆ. ಡಿಕ್ರಿಯಾದರೆ ಸಂವಿಧಾನದ 261ನೇ ವಿಧಿಯಂತೆ ಅದು ದೇಶದ ಯಾವ ಮೂಲೆಯಲ್ಲಾದರೂ ಜಾರಿಯಾಗಬೇಕು. ಜಾರಿ ಮಾಡಿಸಲು ಪುಣೆಯ ಕೋರ್ಟಿಗೇ ಕಳಿಸಬೇಕು, ಅಲ್ಲಿ ಅಮೀನನ ಹಿಂದೆ ಅಲೆಯಬೇಕು, ಸುಳ್ಳು ಹೇಳಿ ಹುರಿದುಂಬಿಸಲು ನಮಗೆ ಇಷ್ಟವಿಲ್ಲ. ಆದರೆ ಮೇಸ್ತ್ರಿ ಹೇಳಿದ ಮಾತು ಮಾತ್ರ ಕಾನೂನಲ್ಲ.

ಕಾನೂನು ಆಗುವ ದಾರಿ ಒಂದಿದೆ: ನಾವೇ ಹೆಬ್ಬೆಟ್ಟು ಒತ್ತಿ ಕೊಟ್ಟಾಗ. ತಗಾದೆ ಬಂದರೆ ಇಂಥ ಊರಿನ ಕೋರ್ಟಿಗೆ ಮಾತ್ರ ಎಂದು ಕರಾರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ದಾವೆ ಕೇಳಲು ಅಧಿಕಾರವಿರುವ ಎರಡು ಕೋರ್ಟುಗಳಲ್ಲಿ ಒಂದನ್ನು ಹೀಗೆ ಆರಿಸಿಕೊಳ್ಳುವುದನ್ನು ಕೋರ್ಟುಗಳು ಒಪ್ಪುತ್ತವೆ. 2025ರಲ್ಲಿ ಪಟ್ನಾ, ದೆಹಲಿಯ ಬ್ಯಾಂಕ್ ನೌಕರರ ಕೇಸುಗಳಲ್ಲಿ ಸುಪ್ರೀಂ ಕೋರ್ಟು, ಕರಾರಿನಲ್ಲಿ ಮುಂಬೈ ಎಂದಿದೆ, ಮುಂಬೈಗೇ ಹೋಗಿ ಎಂದಿತು. ಕೆಲಸ ಬೇಡುವವನಿಗೆ ಕರಾರಿನಲ್ಲಿ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಬ್ಯಾಂಕಿನ ನೌಕರನಿಗೇ ಇಲ್ಲದ್ದು ಗಾರೆ ಹೊರುವವಳಿಗೆ ಇದೆಯೇ?

ಇದೆಲ್ಲ ಗೊತ್ತಿದ್ದೇ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನಿನಲ್ಲಿ ಒಂದು ಬಾಗಿಲು ಇಟ್ಟಿದ್ದರು. 22ನೇ ಕಲಮು. ಕೆಲಸ ಮುಗಿಸಿ ತನ್ನ ರಾಜ್ಯಕ್ಕೆ ವಾಪಸಾದ ಕೂಲಿಕಾರ ಆರು ತಿಂಗಳೊಳಗೆ ತನ್ನ ಸರ್ಕಾರಕ್ಕೇ ಅರ್ಜಿ ಕೊಟ್ಟು, ಹೊರರಾಜ್ಯದ ತಗಾದೆಯನ್ನು ಇಲ್ಲೇ ವಿಚಾರಣೆಗೆ ಹಾಕಿಸಬಹುದಿತ್ತು. ಆ ಬಾಗಿಲಲ್ಲಿ ಹೋಗಿ ಬಂದವರನ್ನು ನಾವು ಕಂಡಿಲ್ಲ. ಯಾರೂ ನಮಗೆ ಹೇಳಿರಲೂ ಇಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆ ಕಾನೂನು ಹೋಯಿತು. ಹೊಸದರ ವಲಸೆಯ ಭಾಗದಲ್ಲಿ ಪ್ರಯಾಣ ಭತ್ಯೆ ಇದೆ, ರೇಷನ್ನು ಇದೆ, ಪುಕ್ಕಟೆ ಫೋನು ನಂಬರು ಇದೆ. ಮೊದಲು ಐದು ಜನ ವಲಸೆಗಾರರಿದ್ದರೆ ಲಾಗುವಾಗುತ್ತಿದ್ದದ್ದು ಈಗ ಹತ್ತಕ್ಕೆ ಏರಿದೆ. ಆ ಬಾಗಿಲು ಮಾತ್ರ ಇಲ್ಲ. ಕಾರ್ಮಿಕ ವಿಷಯದಲ್ಲಿ ರಾಜ್ಯಕ್ಕೂ ಕಾನೂನು ಮಾಡುವ ಹಕ್ಕಿದೆ. ಆ ಬಾಗಿಲನ್ನು ಮತ್ತೆ ತೆಗೆಯಬೇಕೆಂದು, ಕೇಂದ್ರ ತೆಗೆಯದಿದ್ದರೆ ಕರ್ನಾಟಕ ತಿದ್ದುಪಡಿ ತರಬೇಕೆಂದು ನಮ್ಮ ಒತ್ತಾಯ. ಓಟು ಕೇಳಲು ಕೇರಿಗೆ ಬರುವವರನ್ನು ಇದನ್ನೇ ಕೇಳಿ.

ಅಲ್ಲಿಯವರೆಗೆ ಗುಳೆ ಹೋಗುವವರು ಮುಂಗಡದ ಚೀಟಿ, ಮೇಸ್ತ್ರಿಯ ಫೋನು ನಂಬರು, ಫೋನಿನಲ್ಲಿ ಹಣ ಬಂದಿದ್ದರೆ ಅದರ ಲೆಕ್ಕ, ಎದುರಿಗಿದ್ದ ಇಬ್ಬರ ಹೆಸರು, ಇಷ್ಟನ್ನು ಮನೆಯಲ್ಲಿ ಬಿಟ್ಟು ಹೋಗಿ. ಓದಲು ಬರುವ ಹುಡುಗರಿಗೆ ತೋರಿಸದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಬಾಕಿ ಕೂಲಿಯ ದಾವೆಗೆ ಮೂರು ವರ್ಷದ ಗಡುವಿದೆ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡಬೇಕು; ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕೇಳಿ.

ಆ ಗಂಡ ಹೆಂಡತಿಯ ದಾವೆಯನ್ನು ಇಲ್ಲೇ ಹಾಕುತ್ತಿದ್ದೇವೆ. ಮೊದಲ ತಾರೀಖಿನ ದಿನ ಕೇರಿಯವರೆಲ್ಲ ಕೋರ್ಟಿನ ಮುಂದೆ ಇರಬೇಕು. ರೊಟ್ಟಿ ಕಟ್ಟಿಕೊಂಡೇ ಬನ್ನಿ. ಎಷ್ಟು ಹೊತ್ತಿಗೆ ಕೂಗ್ತಾರೋ ಹೇಳೋಕಾಗಲ್ಲ.