ಇಳಿಯುವಾಗಲೇ ಯಾಕೆ ಡಬ್ ಡಬ್?

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಎರಡಕ್ಕೂ ಬಂದವರು ಪ್ರಧಾನಿ ಮೋದಿ. ಕೆಲಸ ಎಷ್ಟು ಜನಕ್ಕೆ, ಜಮೀನಿನ ರೇಟು ಎಲ್ಲಿಗೆ ಹೋಯ್ತು ಎಂಬ ಮಾತು ಬಸ್ ಸ್ಟ್ಯಾಂಡಿನಲ್ಲಿ ಬೇಕಾದಷ್ಟು. ಸದ್ದಿನ ಮಾತು ಎತ್ತುವವರು ಕಡಿಮೆ.

ಹೆಲಿಕಾಪ್ಟರ್ ಸದ್ದೆಂದರೆ ಇಂಜಿನ್ ಸದ್ದು ಅಂತ ಬಹಳ ಮಂದಿ ತಿಳಿದಿದ್ದಾರೆ. ಇಳಿಯುವಾಗ ಕೇಳುವ ‘ಡಬ್ ಡಬ್’ ಇಂಜಿನ್ನಿನದಲ್ಲ, ರೆಕ್ಕೆ ಗಾಳಿಗೆ ಬಡಿದದ್ದು. ಮಣ್ಣು ರಸ್ತೆಯಲ್ಲಿ ಬಸ್ಸು ಓಡಿದರೆ ಹಿಂದೆ ಧೂಳು ಸುಳಿ ಸುತ್ತುತ್ತದಲ್ಲ? ಹಾಗೆ ತಿರುಗುವ ಪ್ರತಿ ರೆಕ್ಕೆಯ ತುದಿಯೂ ಹಗ್ಗ ಹೊಸೆದಂಥ ಗಾಳಿಸುಳಿ ಬಿಟ್ಟು ಹೋಗುತ್ತದೆ. ಮಟ್ಟವಾಗಿ ಹಾರುವಾಗ ಈ ಸುಳಿ ಕೆಳಕ್ಕೆ, ಹಿಂದಕ್ಕೆ ಸರಿಯುತ್ತದೆ. ನಿಧಾನವಾಗಿ ಇಳಿಯುವಾಗ ರೆಕ್ಕೆಗಳ ಸಮಕ್ಕೇ ಉಳಿಯುತ್ತದೆ. ಹಿಂದೆ ಬಂದ ರೆಕ್ಕೆ ಅದಕ್ಕೆ ಬಡಿದು, ಅದರ ಮುಂದಿನ ಅಂಚಿನಲ್ಲಿ ಒತ್ತಡ ಥಟ್ಟನೆ ಏರಿಳಿದು ಸದ್ದು ಸಿಡಿಯುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಬಹುದೇ? ಹಾಕಬಹುದು, ಆದರೆ ಹುಡುಗಾಟವಲ್ಲ. ಸುತ್ತಲಿನ ಗಾಳಿಯನ್ನು ಪುಟ್ಟ ಪುಟ್ಟ ಚೌಕಗಳಾಗಿ ಹೆಚ್ಚಿ ಒಂದೊಂದಕ್ಕೂ ಲೆಕ್ಕ ಕಟ್ಟಬೇಕು. ಸುಳಿಯ ತಿರುಳು ರೆಕ್ಕೆಯ ಅಗಲದಲ್ಲಿ ಸಣ್ಣದೊಂದು ಪಾಲು. ಚೌಕ ದೊಡ್ಡದಾಯಿತೋ, ಸುಳಿ ಲೆಕ್ಕದಲ್ಲೇ ಕರಗಿಹೋಗುತ್ತದೆ, ಆಕಾಶದಲ್ಲಿ ಕರಗುವುದಿಲ್ಲ! ಕಾಗದದ ಮೇಲೆ ಮೆತ್ತಗಿದ್ದ ಹೆಲಿಕಾಪ್ಟರ್ ಊರ ಮೇಲೆ ಗುದ್ದುತ್ತದೆ. ಚೌಕ ಚಿಕ್ಕದು ಮಾಡಿದರೆ ದಿನ, ದುಡ್ಡು ಎರಡೂ ಜಾಸ್ತಿ. ಜೊತೆಗೆ ರೆಕ್ಕೆ ಬಳುಕುವ ಲೆಕ್ಕ ಬೇರೆ.

ಅದಕ್ಕೇ ಲೆಕ್ಕವನ್ನು ಅಳತೆಗೆ ಹಿಡಿದು ನೋಡುತ್ತಾರೆ. 2001ರಲ್ಲಿ ಜರ್ಮನಿ, ಫ್ರಾನ್ಸ್, ಅಮೆರಿಕದವರು ಸೇರಿ ನೆದರ್ಲೆಂಡ್ಸಿನ ಗಾಳಿ ಸುರಂಗದಲ್ಲಿ ‘ಹಾರ್ಟ್-2’ ಪ್ರಯೋಗ ನಡೆಸಿದರು. ಬಿಒ-105 ಹೆಲಿಕಾಪ್ಟರಿನ ನಾಲ್ಕು ರೆಕ್ಕೆಯ ಚಕ್ರವನ್ನು ನೂರಕ್ಕೆ 40ರ ಅಳತೆಯಲ್ಲಿ ಮಾಡಿ, ಇಳಿಯುವ ಸ್ಥಿತಿಯಲ್ಲಿ ತಿರುಗಿಸಿ ಸುಳಿ, ಸದ್ದು ಅಳೆದರು. ಒಂದೊಂದು ಸುತ್ತಿನಲ್ಲೂ ರೆಕ್ಕೆಯ ಓರೆಯನ್ನು ಚೂರು ಅಲುಗಿಸಿದರೆ ಸದ್ದು ತಗ್ಗುತ್ತದೆ. ತಮಾಷೆಯೆಂದರೆ, ಸದ್ದು ತಗ್ಗಿಸುವ ಓರೆಯೇ ಬೇರೆ, ನಡುಕ ತಗ್ಗಿಸುವ ಓರೆಯೇ ಬೇರೆ.

ಅಷ್ಟು ದೂರ ಹೋಗದೆಯೂ ದಾರಿಯುಂಟು. ಇಳಿಯುವ ವೇಗ, ಇಳಿಜಾರು ಬದಲಿಸಿದರೆ ಸುಳಿ ರೆಕ್ಕೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಯಾವ ವೇಗ, ಯಾವ ಇಳಿಜಾರು ಎಂಬುದನ್ನು ಹೇಳುವುದು ಇದೇ ಲೆಕ್ಕ.

2025ರ ಮಾರ್ಚಿನಲ್ಲಿ ಕೇಂದ್ರ ಸರಕಾರ 156 ‘ಪ್ರಚಂಡ್’ ಹೆಲಿಕಾಪ್ಟರುಗಳಿಗೆ ಆರ್ಡರು ಕೊಟ್ಟಿದೆ. ತಯಾರಿ ಬೆಂಗಳೂರು, ತುಮಕೂರಿನಲ್ಲಿ. ಒಂದೊಂದನ್ನೂ ಹಾರಿಸಿ ನೋಡಿಯೇ ಕೊಡಬೇಕು. ಸದ್ದು ತಗ್ಗಿದರೆ ಸೈನ್ಯಕ್ಕೂ ಲಾಭವೇ, ಶತ್ರುವಿನ ಕಿವಿಗೆ ತಡವಾಗಿ ಬೀಳುತ್ತದೆ. ಹಾಗಿರುವಾಗ, ಇಳಿಯುವ ದಾರಿ ಯಾವ ಊರ ಮೇಲೆ, ಅಲ್ಲಿ ಎಷ್ಟು ಡೆಸಿಬೆಲ್ ಎಂಬ ನಕ್ಷೆಯನ್ನು ಸುತ್ತಲಿನ ಪಂಚಾಯಿತಿ ಕಚೇರಿಗಳ ಗೋಡೆಗೆ ಅಂಟಿಸಲು ಎಚ್‌ಎಎಲ್‌ಗೆ ಏನೂ ಕಷ್ಟವಾಗಬಾರದು. ಜಿಲ್ಲಾಧಿಕಾರಿಗಳು ಕೇಳಿ ತರಿಸಿಕೊಳ್ಳಲಿ.